ಹೆಬ್ಬೆರಳು ಒಪ್ಪಿದ ಲಿವರು

ಸೈಕಲು ತೆಗವಲೆ ಹೋದವು ಎಲ್ಲೋರುದೆ ಚಕ್ರ ನೋಡ್ತವು, ಬ್ರೇಕು ನೋಡ್ತವು, ಬಣ್ಣ ಅಂತೂ ನೋಡಿಯೇ ನೋಡ್ತವು. ಗುಡ್ಡೆ ಇಳಿವ ಸೈಕಲಾದರೆ ಹೇಂಡಲಿನ ಎಡದ ಹೊಡೆಲಿ, ಹೆಬ್ಬೆರಳು ಬಂದು ಕೂಪ ಜಾಗೆಲಿ, ಒಂದು ಸಣ್ಣ ಲಿವರು ಇರ್ತು. ಅದರ ಆರುದೆ ನೋಡ್ತವಿಲ್ಲೆ. ಎನ್ನ ಅಭಿಪ್ರಾಯ ಕೇಳಿರೆ, ಹೆಮ್ಮಕ್ಕೊ, ಕೂಸುಗೊ ಮದಾಲು ಒತ್ತಿ ನೋಡೆಕ್ಕಾದ್ದು ಅದರನ್ನೇ. ಮತ್ತೆ, ಅದರ ಆರಿಸೆಕ್ಕಾದ್ದು ಸೈಕಲು ಬಿಡುವ ಕೈ. ಅಂಗಡಿಯವ ಅಲ್ಲ, ಅಪ್ಪ ಅಲ್ಲ, ಅಣ್ಣ ಅಲ್ಲ, ಪೈಸೆ ಕೊಡುವ ಅಬ್ಬೆಯೂ ಅಲ್ಲ.

ಇದರ ಬರವಲೆ ಕಾರಣ ಇದ್ದು. ಎಂಗಳ ಕೂಸಿನ ಸೈಕಲಿಂಗೆ ಹೊಸ ಲಿವರು ಹಾಕಿದ ಫೊಟೊವ ಕುಟುಂಬದ ವಾಟ್ಸಾಪಿಂಗೆ ಕಳುಸಿದ್ದೆ. ದೊಡ್ಡಬ್ಬೆ ಕೂಡ್ಲೇ ಕೇಳಿದವು, "ಅಷ್ಟು ಸಣ್ಣ ಕೀಲಿಂಗೆ ಆರು ಸಾವಿರವೋ? ಎನ್ನ ಮದುವೆ ಕಾಲಲ್ಲಿ ಆ ಪೈಸಗೆ ಒಂದು ಸರವೇ ಬತ್ತಿತು!" ಅತ್ತಿಗೆ ಒಂದು ನೆಗೆ ಮೋರೆ ಹಾಕಿತ್ತು. ಪುತ್ತೂರಿನ ಚಿಕ್ಕಮ್ಮ ಮಾತ್ರ, "ಅದು ಎಂತರ, ಎಂತಕೆ ಬೇಕಾದ್ದು, ರಜ ಬಿಡುಸಿ ಬರೆ" ಹೇಳಿದವು. ಹಾಂಗಾಗಿ ಬಿಡುಸಿಯೇ ಬರೆತ್ತೆ. ಸೈಕಲು ಮೆಟ್ಟದ್ದವುದೆ ಓದಿ. ಇದು ಸೈಕಲಿಂದು ಎಷ್ಟೋ, ಕೈದೂ ಅಷ್ಟೇ.

ಎಂಗೊ ಇಪ್ಪದು ಅಮೆರಿಕದ ವಾಷಿಂಗ್ಟನ್ ರಾಜ್ಯಲ್ಲಿ, ಸಿಯಾಟಲ್ ಪೇಟೆಂದ ಮೂಡ ಹೊಡೆಲಿಪ್ಪ ಸಮ್ಯಾಮಿಶಿಲ್ಲಿ. ಕಂಪ್ಯೂಟರು ಕಂಪೆನಿಗಳ ದೆಸೆಂದ ಇಲ್ಲಿ ಕನ್ನಡದವು ಬೇಕಾಷ್ಟು ಜೆನ ಇದ್ದವು. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡ್ಲೆ ಹೆರಟರೆ ಒಂದು ದಿನ ಸಾಕಾವುತ್ತಿಲ್ಲೆ. ಮನೆಂದ ರಜ ದೂರಲ್ಲಿ ಡತಿ ಹಿಲ್ ಹೇಳುವ ಕಾಡು ಇದ್ದು. ಕಿಂಗ್ ಕೌಂಟಿಯವು, ಎವರ್‌ಗ್ರೀನ್ ಮೌಂಟನ್ ಬೈಕ್ ಅಲಯನ್ಸ್ ಹೇಳುವ ಸಂಘದವರ ಒಟ್ಟಿಂಗೆ ಸೇರಿ, ಗುಡ್ಡೆ ಸೈಕಲಿಂಗೆ ಹೇಳಿಯೇ ಮಾಡಿದ ಜಾಗೆ ಅದು. 2010ರಲ್ಲಿ ಸುರು ಆದ್ದು. ಡಾಂಬರು ಇಲ್ಲೆ, ಕಾಂಕ್ರೀಟು ಇಲ್ಲೆ. ಮಣ್ಣಿನ ಸಪೂರ ದಾರಿ, ಮರದ ಬೇರು, ತಿರುಗಾಸು, ಅಲ್ಲಲ್ಲಿ ಹಲಗೆಯ ಸಂಕ, ಎರಡೂ ಹೊಡೆಲಿ ಜರಿಗಿಡದ ಬಲ್ಲೆ. ಮಳೆಗಾಲ ಇಲ್ಲಿ ಅಕ್ಟೋಬರಿಂದ ಹೆಚ್ಚುಕಮ್ಮಿ ಮೇ ವರೆಗೆ. ನಮ್ಮ ಆಟಿ ತಿಂಗಳಿನ ಹಾಂಗೆ ದೋ ಹೇಳಿ ಸೊಯಿಪ್ಪ ಮಳೆ ಅಲ್ಲ, ಪಿರಿಪಿರಿ ಮಳೆ. ಆದರೆ ಬೇರು ಜಾರುದು ಮಾತ್ರ ಊರಿನ ತೋಟದ ಕಟ್ಟಪುಣಿಯ ಹಾಂಗೆಯೇ.

ಕೂಸಿಂಗೆ ಈಗ 14 ವರ್ಷ. ಶಾಲೆಯ ಗುಡ್ಡೆ ಸೈಕಲು ತಂಡಕ್ಕೆ ಸೇರಿದ್ದು. ಶಾಲೆ ಮಕ್ಕೊಗೆ ಈ ಓಟ ನೆಡೆಶುವ ನೈಕಾ ಹೇಳುವ ಸಂಸ್ಥೆ ಈ ದೇಶಲ್ಲಿ 2009ರಲ್ಲಿ ಸುರು ಆದ್ದು. ಅದರ ಒಂದು ಕ್ರಮ ಎನಗೆ ತುಂಬ ಇಷ್ಟ: ಮಕ್ಕಳ ಬೆಂಚಿಲ್ಲಿ ಕೂರ್ಸುವ ಲೆಕ್ಕಾಚಾರವೇ ಇಲ್ಲೆ, ಸೇರಿದವು ಎಲ್ಲೋರುದೆ ಸೈಕಲು ಬಿಡುದೇ. ಕೂಸುಗೊ ಕಮ್ಮಿ ಬತ್ತವು ಹೇಳಿ ಅವರ ಸೇರ್ಸುಲೆ ಗ್ರಿಟ್ ಹೇಳುವ ಬೇರೆ ಕಾರ್ಯಕ್ರಮವನ್ನೂ ಮಡಗಿದ್ದವು.

ಇನ್ನು ಲಿವರಿನ ಕೆಲಸ. ಆಫೀಸಿನ ತಿರುಗು ಕುರ್ಚಿಯ ನಿಂಗೊ ಎಲ್ಲೋರುದೆ ಕಂಡಿಕ್ಕು. ಕೂದುಗೊಂಡು ಕೆಳಾಣ ಕೀಲು ಒತ್ತಿರೆ ಕುರ್ಚಿ ತಗ್ಗುತ್ತು. ಎದ್ದು ಒತ್ತಿರೆ ತನ್ನಷ್ಟಕ್ಕೆ ಮೇಲೆ ಬತ್ತು. ಕೀಲು ಬಿಟ್ಟಲ್ಲಿಗೆ ನಿಲ್ಲುತ್ತು. ಈ ಸೈಕಲಿನ ಸೀಟುಕಂಬವುದೆ ಹಾಂಗೆಯೇ. ಇದಕ್ಕೆ ಡ್ರಾಪರು ಹೇಳ್ತವು. ಒಂದೇ ವ್ಯತ್ಯಾಸ, ಕೀಲು ಸೀಟಿನ ಅಡಿಲಿ ಇಲ್ಲೆ, ಹೇಂಡಲಿಲ್ಲಿ ಇದ್ದು. ನೆಡುಕೆ ಒಂದು ಸರಿಗೆ ಚೌಕಟ್ಟಿನ ಒಳಂದಾಗಿ ಹೋವುತ್ತು.

ಗುಡ್ಡೆ ಹತ್ತುವಗ ಸೀಟು ಮೇಲೆ ಇರೆಕ್ಕು. ಕಾಲು ನೀಡಿ ಮೆಟ್ಲೆ ಎಡಿಗಾಯೆಕ್ಕು, ಇಲ್ಲದ್ರೆ ಮೊಣಕ್ಕಾಲು ಬಚ್ಚುತ್ತು. ಇಳಿವಗ ಸೀಟು ಕೆಳ ಇರೆಕ್ಕು. ಎತ್ತರಲ್ಲೇ ಇದ್ದರೆ ಎಂತಾವುತ್ತು ಗೊಂತಿದ್ದೋ? ಕಡಿದಾದ ಜಾಗೆಲಿ ಮೈಯ ಹಿಂದಂಗೆ, ಕೆಳಂಗೆ ತಪ್ಪಲೆ ಎಡೆಯೇ ಇರ್ತಿಲ್ಲೆ. ಎದುರಾಣ ಚಕ್ರ ಒಂದು ಬೇರಿಂಗೆ ತಾಗಿತ್ತೋ, ಸೀಟು ಹಿಂದಂದ ನೂಕುತ್ತು, ಮನುಷ್ಯ ಹೇಂಡಲಿನ ಮೇಲಂದಾಗಿ ಎದುರಂಗೆ ಮೋರೆ ಅಡಿಯಾಗಿ ಬೀಳ್ತು. ಇದು ಹೆದರುಸುಲೆ ಹೇಳಿದ್ದಲ್ಲ.

ಮದಲಿಂಗೆ ಇಳಿಜಾರು ಬಪ್ಪಗ ಸೈಕಲು ನಿಲ್ಲುಸಿ, ಇಳುದು, ಸೀಟಿನ ಕೊಕ್ಕೆ ಸಡಿಲ ಮಾಡಿ, ಕೈಲಿ ತಗ್ಗುಸಿ ಪುನಾ ಹತ್ತೆಕ್ಕಾಗಿತ್ತು. 1984ರ ಹೊತ್ತಿಂಗೆ ಕ್ಯಾಲಿಫೋರ್ನಿಯಾಲ್ಲಿ ಜೋ ಬ್ರೀಜ್, ಜಾಶ್ ಏಂಜೆಲ್ ಹೇಳುವ ಇಬ್ರು ಹೈಟ್ ರೈಟ್ ಹೇಳಿ ಒಂದು ಸ್ಪ್ರಿಂಗು ಮಾಡಿದವು. ಇಳಿಯದ್ದೆ ಸೀಟಿನ ಏರಿಳಿಸುಲೆ ಎಡಿಗಾತು, ಆದರೆ ಕೊಕ್ಕೆ ಸಡಿಲ ಮಾಡ್ಲೆ ಕೈಯ ಹೇಂಡಲಿಂದ ತೆಗದು ಕೆಳ ಹಾಕೆಕ್ಕು. ಹೇಂಡಲಿಲ್ಲೇ ಲಿವರು ಇಪ್ಪ ಕಂಬಂಗೊ ಎಲ್ಲಾ ಕಡೆ ಹಬ್ಬಿದ್ದು 2010ರಲ್ಲಿ ರಾಕ್‌ಶಾಕ್ಸಿನ ರಿವರ್ಬ್ ಬಂದ ಮತ್ತೆ. ಈಗ ಇದು ಗುಡ್ಡೆಗೆ ಮಾತ್ರ ಹೇಳಿಯೂ ಇಲ್ಲೆ. ಸ್ಲೊವೇನಿಯಾದ ಮಾಟೈ ಮೊಹೊರಿಚ್ 2022ರಲ್ಲಿ ಮಿಲಾನ್–ಸಾನ್ ರೆಮೊ ಹೇಳುವ ಡಾಂಬರು ರಸ್ತೆ ಓಟವ ಗೆದ್ದದು ಇಂತಾ ಕಂಬ ಹಾಕಿದ ಸೈಕಲಿಲ್ಲಿ, ಅಕೇರಿಯಾಣ ಗುಡ್ಡೆಯ ಇಳಿಜಾರಿಲ್ಲಿ ಸೀಟು ತಗ್ಗುಸಿಗೊಂಡು. ದೊಡ್ಡ ಆಟಗಾರಂಗೆ ಬೇಕಾದ್ದು ನಮ್ಮ ಮಕ್ಕೊಗೆ ಎಂತಕೆ ಹೇಳಿ ಕೇಳೆಡಿ. ಅವಂಗೆ ಬೇಕಾದ್ದು ನಾಲ್ಕು ಸೆಕೆಂಡು. ಮಕ್ಕೊಗೆ ಬೇಕಾದ್ದು ಹಲ್ಲು ಒಳಿವದು.

ಅಂಬಗ ಸಮಸ್ಯೆ ಎಲ್ಲಿ? ಸೈಕಲಿನೊಟ್ಟಿಂಗೇ ಬಂದ ಲಿವರಿಲ್ಲಿ. ಕಂಪೆನಿಗೊ ಚೌಕಟ್ಟಿಂಗೆ, ಎದುರಾಣ ಸ್ಪ್ರಿಂಗಿಂಗೆ ಪೈಸೆ ಹಾಕ್ತವು, ಹೆಸರು ಬರೆತ್ತವು. ಲಿವರು ಬಪ್ಪಗ ಕೈ ಬಿಗಿ ಮಾಡ್ತವು. ಟೈಗರ್ ಮೌಂಟನ್ ಹೇಳಿ ಇಲ್ಲಿ ಇನ್ನೊಂದು ಜಾಗೆ ಇದ್ದು. ಅಲ್ಲಿ ಒಂದರಿ ಉದ್ದಕೆ ಹತ್ತುದು, ಮತ್ತೆ ಉದ್ದಕೆ ಇಳಿವದು. ಲಿವರಿಂಗೆ ಹೆಚ್ಚು ಕೆಲಸ ಇಲ್ಲೆ. ಡತಿ ಹಿಲ್ ಹಾಂಗಲ್ಲ. ರಜ ಹತ್ತು, ರಜ ಇಳಿ, ಒಂದು ತಿರುಗಾಸು, ಪುನಾ ಹತ್ತು. ಕೂಸು ಒಂದು ದಿನ ಲೆಕ್ಕ ಮಾಡಿತ್ತು: ಒಂದು ಗಂಟೆಲಿ 60 ಸರ್ತಿಂದ ಹೆಚ್ಚು ಒತ್ತಿದ್ದಡ. ಒಂದೊಂದು ಸರ್ತಿಯೂ ಹೆಬ್ಬೆರಳು ಒಂದೇ, ಅದೂ ಎಡದ್ದು. ಬಲದ ಹೆಬ್ಬೆರಳಿಂಗೆ ಗೇರಿನ ಕೆಲಸ ಇದ್ದನ್ನೆ.

ಕಳುದ ಮಾರ್ಚಿಲ್ಲಿ ಆನು ಗಮನಿಸಿದೆ, ಇದು ಸೀಟಿನ ತಗ್ಗುಸುತ್ತೇ ಇಲ್ಲೆ. ಬೇರು ತುಂಬಿದ ಇಳಿಜಾರಿಂಗೂ ಎತ್ತರದ ಸೀಟಿಲ್ಲೇ ಹೋವುತ್ತು. ಎಂತಕೆ ಹೇಳಿ ಕೇಳಿರೆ ತಲೆ ತಗ್ಗುಸಿ ಹೇಳಿತ್ತು, "ಎನ್ನ ಕೈಗೆ ಶಕ್ತಿ ಸಾಲ ಅಮ್ಮಾ. ಮಾಣಿಯಂಗೊಗೆಲ್ಲ ಸುಲಾಬಲ್ಲಿ ಎಡಿತ್ತು."

ಈ ಲೇಖನ ಬರವಲೆ ನಿಜವಾದ ಕಾರಣ ಆ ಒಂದು ಮಾತು. ಶಕ್ತಿ ಸಾಲ! ದಿನಕ್ಕೆ ಎರಡು ಗಂಟೆ ಗುಡ್ಡೆ ಹತ್ತುವ ಕೂಸು. ಅದರ ಕೈಗೆ ಎಂತ ಆಯಿದು? ಕೈಗೆ ಎಂತದೂ ಆಯಿದಿಲ್ಲೆ. ಲಿವರು ಅದರ ಹೆಬ್ಬೆರಳಿಂದ ಅರ್ಧ ಇಂಚು ದೂರ ಇತ್ತು. ಮುಟ್ಟೆಕ್ಕಾದರೆ ಅಂಗೈ ಹಿಡಿಂದ ಏಳೆಕ್ಕು. ಅಂಗೈ ಎದ್ದರೆ ತೋರುಬೆರಳು ಬ್ರೇಕಿಂದ ತಪ್ಪುತ್ತು. ಇಳಿಜಾರಿನ ತಲೆಲಿ ಬ್ರೇಕು ಬಿಟ್ಟು ಲಿವರು ಹುಡುಕ್ಕುಲೆ ಆರಿಂಗೆ ಧೈರ್ಯ ಬಕ್ಕು? ಅದು ಮಾಡಿದ್ದು ಬುದ್ಧಿವಂತಿಗೆಯೇ. ಆದರೆ ದೂರು ಹಾಕಿದ್ದು ತನ್ನ ಕೈಯ ಮೇಲೆ.

ಇದು ನವಗೆ ಹೊಸತ್ತೋ ಹೇಳಿ! ಎತ್ತರದ ಅಡಿಗೆ ಕಟ್ಟೆಲಿ ಮೊಣಕೈ ಎತ್ತಿಗೊಂಡು ದೋಸೆ ಎರವಗ, ಮಿಕ್ಸಿಯ ಜಾರು ತಿರುಪಿ ತೆಗವಲೆ ಎಡಿಯದ್ದಪ್ಪಗ, ಕುಕ್ಕರಿನ ಮುಚ್ಚಲು ಕೂರದ್ದಪ್ಪಗ, "ಎನಗೆ ಈಗ ಕೈಲಿ ಎಡಿತ್ತಿಲ್ಲೆ ಮಾರಾಯ್ತಿ" ಹೇಳುದಲ್ಲದ್ದೆ, "ಈ ಜಾರು ಮಾಡಿದವಂಗೆ ಕೈ ಹೇಳಿರೆ ಎಂತ ಗೊಂತಿಲ್ಲೆ" ಹೇಳಿ ಎಷ್ಟು ಜೆನ ಹೇಳಿದ್ದು? ಎನ್ನ ಅಜ್ಜಿಯ ಕೆರೆಮಣೆ ಮಾತ್ರ ಅಜ್ಜಿಯ ಅಳತೆದು. ಆಚಾರಿಯ ಜಾಲಿಂಗೆ ಬರ್ಸಿ, ಕೂದು ನೋಡಿ, ನಾಲಗೆ ರಜ ಹತ್ತರೆ ಆಯೆಕ್ಕು ಹೇಳಿ ತಿದ್ದುಸಿದ್ದಡ. ಮತ್ತೆ ಆ ಮನಗೆ ಬಂದ ಸೊಸೆಕ್ಕೊಗೆ ಅದು ಬೆನ್ನುಬೇನೆ ಕೊಟ್ಟತ್ತು, ಅದು ಬೇರೆ ವಿಷಯ.

ಹೆಬ್ಬೆರಳಿನ ಬೇನೆ ಹೆಮ್ಮಕ್ಕೊಗೆ ಹೆಚ್ಚು, ಇದು ಅಂದಾಜಿನ ಮಾತಲ್ಲ. ಬಾಳಂತಿಗೊಕ್ಕೆ ಮಗುವಿನ ಎತ್ತಿ ಎತ್ತಿ ಮಣಿಕಟ್ಟಿನ ಹೆಬ್ಬೆರಳ ಹೊಡೆಲಿ ಸೆಳಿತ ಬತ್ತನ್ನೆ, ಅದರ 1895ರಲ್ಲಿ ಡಿ ಕ್ವರ್ವೇನ್ ಹೇಳುವ ಸ್ವಿಸ್ ವೈದ್ಯ ಬರದು ಮಡಗಿದ್ದ. ಅವನ ಹೆಸರೇ ಈಗ ಆ ಬೇನೆಗೆ. ಸಣ್ಣ ಮಾಣಿ ಹುಟ್ಟಿಪ್ಪಗ ಎನಗೂ ಬಂದಿತ್ತು, ಎಂಟು ತಿಂಗಳು ಬಟ್ಟಲು ಎತ್ತುಲೆ ಬಂಙ. ನಲುವತ್ತು-ಐವತ್ತು ಕಳುದಪ್ಪಗ ಹೆಬ್ಬೆರಳ ಬುಡದ ಗಂಟು ಸವೆತ್ತದೂ ಗೆಂಡುಮಕ್ಕಳಿಂದ ಹೆಮ್ಮಕ್ಕೊಗೆ ಹೆಚ್ಚು. ಬೆರಳ ತುದಿಲಿ ಒತ್ತಿದ ಭಾರ ಬುಡದ ಗಂಟಿಲ್ಲಿ ಸುಮಾರು ಪಾಲು ಹೆಚ್ಚಾಗಿ ಬೀಳ್ತು. ಹಾಂಗಾಗಿ ಲಿವರಿನ ಒತ್ತು ರಜ ಹಗುರ ಆದರೆ ಗಂಟಿಂಗೆ ತುಂಬ ಹಗುರ. ಆನು 46ಲ್ಲಿ ಸೈಕಲು ಕಲ್ತವಳು, ಎನಗೆ ಇದು ಬಾಯಿಪಾಠದ ಮಾತಲ್ಲ.

ಆದರೂ ಲಿವರು ಗಟ್ಟಿ ಹೇಳಿ ಕೂಡ್ಲೇ ಅಂಗಡಿಗೆ ಓಡೆಡಿ. ಮದಾಲು ಸರಿಗೆ ನೋಡಿ. ಇದು ಗೇರಿನ ಸರಿಗೆಯೇ, 1.2 ಮಿಲಿಮೀಟರಿಂದು. ಒಳಂಗೆ ಕೆಸರು ನೀರು ಹೋಗಿ ತುಕ್ಕು ಹಿಡುದರೆ, ಹೆರಾಣ ನಳಿಗೆಯ ತುದಿ ಓರೆಯಾಗಿ ಕತ್ತರುಸಿದ್ದರೆ, ಅಥವಾ ಚೌಕಟ್ಟಿನ ಒಳ ಹೋಪಲ್ಲಿ ಗಟ್ಟಿಗೆ ಬಗ್ಗಿದ್ದರೆ, ಚಿನ್ನದ ಲಿವರು ಹಾಕಿರೂ ಗಟ್ಟಿಯೇ. ಸರಿಗೆ, ನಳಿಗೆ ಬದಲುಸುಲೆ ಹೆಚ್ಚು ಪೈಸೆ ಬೇಡ. ಎಂಗೊ ಅದರ ಬದಲುಸಿಯಪ್ಪಗಳೇ ಅರ್ಧ ಬಿಗಿ ಹೋತು. ಮತ್ತೆ ಬ್ರೇಕು. ಬ್ರೇಕಿನ ಕೈಯ ಹೇಂಡಲಿಂಗೆ ಹತ್ತರೆ ತಪ್ಪಲೆ ಒಂದು ಸಣ್ಣ ಸ್ಕ್ರೂ ಇರ್ತು. ಸಣ್ಣ ಕೈಯವಕ್ಕೆ ಅದರ ತಿರುಗುಸಿ ಕೊಡದ್ದೆ ಸೈಕಲು ಮಾರುದು, ಮಕ್ಕೊಗೆ ಅಪ್ಪನ ಅಂಗಿ ಹಾಕಿ ಶಾಲೆಗೆ ಕಳುಸಿದ ಹಾಂಗೆ. ಬ್ರೇಕು ಎಲ್ಲಿ ಕೂರೆಕ್ಕು ಹೇಳಿ ನಿಗಂಟಾದ ಮತ್ತೆಯೇ ಲಿವರಿನ ಜಾಗೆ.

ಇಷ್ಟು ಮಾಡಿಯೂ ಅದರ ಹೆಬ್ಬೆರಳು ಎತ್ತಿತ್ತಿಲ್ಲೆ. ಹಾಂಗಾಗಿ ಹೊಸ ಲಿವರು.

ಲಿವರಿಲ್ಲಿ ಜಾತಿಗೊ ಸುಮಾರಿದ್ದು. ಹೇಂಡಲಿನ ಮೇಲೆ ಕಡ್ಡಿಯ ಹಾಂಗೆ ನಿಂಬದು ಒಂದು. ಎಡದ ಹೊಡೆಲಿಯೂ ಗೇರಿನ ಕೀಲು ಇಪ್ಪ ಸೈಕಲಿಂಗೆ, ಹೇಳಿರೆ ಎದುರು ಎರಡು-ಮೂರು ಹಲ್ಲುಚಕ್ರ ಇಪ್ಪದಕ್ಕೆ, ಅದುವೇ ಗತಿ. ಅಡಿಲಿ ಜಾಗೆ ಇರ್ತಿಲ್ಲೆ. ಅದಕ್ಕೆ ಕೈಯ ರಜ ಎತ್ತೆಕ್ಕಾವುತ್ತು, ಎನಗೆ ಮೆಚ್ಚಿಕೆ ಇಲ್ಲೆ. ಎರಡನೆದು ಗುಂಡಿ ಒತ್ತುವಂತದ್ದು, ಒಳ ಎಣ್ಣೆ. ಹಳೆ ರಿವರ್ಬಿಲ್ಲಿ ಹಾಂಗೇ ಇತ್ತು. ಎಷ್ಟೋ ಜೆನ ಬಲದ ಹೊಡೆಣ ಗುಂಡಿಯ ಎಡದ ಹೊಡೆಲಿ ತಲೆಕೆಳ ಮಾಡಿ ಹಾಕಿಗೊಂಡಿತ್ತಿದ್ದವು, ಹೆಬ್ಬೆರಳಿಂಗೆ ಹಾಂಗಾರೂ ಸಿಕ್ಕಲಿ ಹೇಳಿ. ಅದರಿಂದಲೇ ಗೊಂತಾವುತ್ತು ಮೂಲದ ಗುಂಡಿ ಹೇಂಗಿತ್ತು ಹೇಳಿ. ಎಣ್ಣೆಲಿ ಗಾಳಿ ಸೇರಿರೆ ಅದರ ತೆಗವಲೆ ಬೇರೆ ಸಾಮಾನು, ಬೇರೆ ಅಭ್ಯಾಸ ಬೇಕು. ಮೂರನೆದು ಹೇಂಡಲಿನ ಅಡಿಲಿ, ಗೇರಿನ ಕೀಲಿನ ಹಾಂಗೆ ಚಪ್ಪಟೆಯಾಗಿ ಇಪ್ಪ ಸರಿಗೆಯ ಲಿವರು. ಎದುರಾಣ ಹಲ್ಲುಚಕ್ರ ಒಂದೇ ಆದ ಮತ್ತೆ ಎಡದ ಅಡಿ ಖಾಲಿ ಆತು, ಇದು ಅಲ್ಲಿಗೆ ಬಂದು ಕೂದತ್ತು. ಹೆಬ್ಬೆರಳು ತನ್ನಷ್ಟಕ್ಕೆ ಹೋಪ ದಾರಿಲೇ ಹೋದರೆ ಸಾಕು. ಕೈ ಸಣ್ಣ ಆದವು ಇದರ ಬಿಟ್ಟು ಬೇರೆ ನೋಡೆಡಿ. ನಾಲ್ಕನೆದು ಸರಿಗೆಯೇ ಇಲ್ಲದ್ದು, ಅದಕ್ಕೆ ಮತ್ತೆ ಬತ್ತೆ.

ಅಂಗಡಿಲಿ ಒಬ್ಬ ಮಾಣಿ, ಒಳ್ಳೆಯವನೇ, ಕೂಡ್ಲೇ ಹೇಳಿದ, ಬ್ರೇಕಿನ ಬಳೆಗೇ ಜೋಡುಸುವ ಲಿವರು ತೆಕ್ಕೊಳ್ಳಿ, ಹೇಂಡಲು ಚೆಂದ ಕಾಣ್ತು ಹೇಳಿ. ಶಿಮಾನೋ ಬ್ರೇಕಾದರೆ ಐ-ಸ್ಪೆಕ್, ಸ್ರಾಮ್ ಬ್ರೇಕಾದರೆ ಮ್ಯಾಚ್‌ಮೇಕರ್. ಮ್ಯಾಚ್‌ಮೇಕರ್ ಹೇಳಿರೆ ಸಂಬಂಧ ಕೂಡುಸುವವ ಹೇಳಿ ಅರ್ಥ, ಕೇಳಿ ಎನಗೆ ನೆಗೆ ಬಂತು. ಜಾತಕ ಕೂಡುತ್ತು, ಅಪ್ಪು. ಆದರೆ ಲಿವರು ಬ್ರೇಕಿಂಗೆ ಅಂಟಿಗೊಂಡರೆ ಬ್ರೇಕು ಹೋದಲ್ಲಿಗೆ ಅದೂ ಹೋಯೆಕ್ಕು. ರಜ ಆಚೆ ಈಚೆ ಮಾಡ್ಲೆ ಎಡಿಗು, ಬೇಕಾಷ್ಟು ಎಡಿಯ. ಕೂಸಿನ ಕೈಗೆ ಬ್ರೇಕು ಒಳ ಇರೆಕ್ಕು, ಲಿವರು ಹೆರ, ಹಿಡಿಯ ಹತ್ತರೆ ಬರೆಕ್ಕು. ಅದಕ್ಕೆ 22.2 ಮಿಲಿಮೀಟರಿನ ಬೇರೆಯೇ ಬಳೆ ಇಪ್ಪ ಲಿವರೇ ಸರಿ; ಬೇಕಾದಲ್ಲಿಗೆ ಜಾರ್ಸಿ, ಬೇಕಾದಷ್ಟು ತಿರುಗುಸಿ ಬಿಗಿ ಮಾಡ್ಲಕ್ಕು. ಹೇಂಡಲಿಲ್ಲಿ ಒಂದು ಬಳೆ ಹೆಚ್ಚು ಕಂಡರೆ ಎಂತ? ನಾವು ಬಳೆಗೆ ಹೆದರ್ತ ಜಾತಿಯೋ!

ಒತ್ತಿ ನೋಡುವ ಕ್ರಮ ಹೇಳ್ತೆ. ಸೈಕಲಿನ ಗೋಡಗೆ ಒರಗುಸಿ, ಕೈಚೀಲ ಹಾಕಿಗೊಂಡು ಕೂರೆಕ್ಕು. ತೋರುಬೆರಳು ಬ್ರೇಕಿಲ್ಲಿ, ಒಳುದ ಬೆರಳುಗೊ ಹಿಡಿಲಿ. ಕಣ್ಣು ಮುಚ್ಚಿ ಹೆಬ್ಬೆರಳಿನ ಸಡಿಲ ಬಿಡೆಕ್ಕು. ಅದು ಹೋಗಿ ಬೀಳುವ ಜಾಗೆಲಿ ಲಿವರು ಇರೆಕ್ಕು, ಬೆರಳು ಹುಡುಕ್ಕಿಗೊಂಡು ಹೋಪಲಾಗ. ಬ್ರೇಕು ಹಿಡ್ಕೊಂಡೇ ಹತ್ತು ಸರ್ತಿ ಒತ್ತೆಕ್ಕು. ಅಂಗೈ ಹಿಡಿಂದ ಒಂದು ಕೂದಲೆಳೆಯಷ್ಟು ಎದ್ದರೂ ಆ ಲಿವರು ಆಗ, ಅಥವಾ ಆ ಜಾಗೆ ಆಗ. ಹತ್ತನೇ ಸರ್ತಿಗೆ ಬುಡಲ್ಲಿ ಬಿಗಿತ್ತೋ ನೋಡೆಕ್ಕು. ಸುರುವಾಣದ್ದರಲ್ಲಿ ಎಂತದೂ ಗೊಂತಾಗ.

ಎಂಗೊ ಮೂರು ಲಿವರಿನ ಒತ್ತಿ ನೋಡಿದೆಯೊ. ಸಿಯಾಟಲಿನವೇ ಆದ ಪಿಎನ್‌ಡಬ್ಲ್ಯು ಕಂಪೆನಿಯ ಲೋಮ್ ಲಿವರು, ಬೆರಳು ಕೂಪಲ್ಲಿ ರಬ್ಬರು ಹಾಕಿದ್ದು, ಬಣ್ಣ ಬಣ್ಣದ್ದು ಸಿಕ್ಕುತ್ತು. ಗಡಿಯಾಚೆ ಕೆನಡಾದ ಸ್ಕ್ವಾಮಿಶಿನ ವನ್‌ಅಪ್ ಕಂಪೆನಿದು ಒಂದು. ಮಿನ್ನೆಸೋಟದ ವುಲ್ಫ್ ಟೂತ್ ಕಂಪೆನಿಯ ರಿಮೋಟು, ಅದರಲ್ಲೂ ಹಗುರ ಒತ್ತಿನ ಮಾದರಿ. ಇಂತಾ ಸರಿಗೆಯ ಲಿವರುಗೊ ಹೆಚ್ಚಿನದೂ 50ರಿಂದ 100 ಡಾಲರಿನ ಒಳ ಸಿಕ್ಕುತ್ತವು. ಎನ್ನ ಕೈಗೆ ಒಪ್ಪಿದ್ದು ರಬ್ಬರಿಂದು. ಮಳೆಲಿ ಚೆಂಡಿ ಕೈಚೀಲ ಜಾರ್ತಿಲ್ಲೆ, ಬೆರಳಿಂಗೆ ಮೆದು. ಅದನ್ನೇ ತೆಕ್ಕೊ ಹೇಳಿ ಕೂಸಿಂಗೆ ಹೇಳಿದೆ. ಅದು ಮೂರನ್ನೂ ಮೂರು ಮೂರು ಸರ್ತಿ ಒತ್ತಿ, ಹಗುರ ಒತ್ತಿನದ್ದು ಹಿಡುದತ್ತು. ಕಪ್ಪು ಬಣ್ಣ, ಎಂತದೂ ಚೆಂದ ಇಲ್ಲೆ. "ಇದು ಒತ್ತಿದ್ದು ಎನಗೆ ಗೊಂತೇ ಆವುತ್ತಿಲ್ಲೆ" ಹೇಳಿತ್ತು. ಮತ್ತೆ ಎನ್ನ ಅಭಿಪ್ರಾಯಕ್ಕೆ ಅಲ್ಲಿ ಜಾಗೆ ಇಲ್ಲೆ, ಇಪ್ಪಲೂ ಆಗ.

ಹಗುರ ಅಪ್ಪದು ಹೇಂಗೆ ಹೇಳಿರೆ ನಮ್ಮ ಹಳೆ ಏತದ ಲೆಕ್ಕವೇ. ಕೈ ಹಿಡಿವ ಹೊಡೆ ಉದ್ದ ಆದಷ್ಟು ಬಲ ಕಮ್ಮಿ ಸಾಕು, ಆದರೆ ಹೆಚ್ಚು ದೂರ ಎಳೆಯೆಕ್ಕು. ಲಿವರಿನ ಉದ್ದ ಹೆಚ್ಚು ಮಾಡಿರೆ ಒತ್ತು ಹಗುರ, ಬೆರಳು ಹೋಪ ದೂರ ಹೆಚ್ಚು. ಸರಿಗೆಯ ಎಳೆತವೂ ಕಮ್ಮಿ ಅಪ್ಪದರಿಂದ ಕೆಲವು ಸೀಟುಕಂಬಂಗೊಕ್ಕೆ ಅದು ಸಾಕಾಗ. ಕಂಬದ ಹೆಸರು ಹೇಳಿ ಕೇಳಿಯೇ ತೆಕ್ಕೊಳೆಕ್ಕು. ಸರಿಗೆಯ ಗುಂಡುತಲೆ ಲಿವರಿನ ಹೊಡೆಲಿ ಕೂಪದೋ, ಕಂಬದ ಹೊಡೆಲಿ ಕೂಪದೋ ಹೇಳಿಯೂ ಕೇಳೆಕ್ಕು, ಎರಡು ನಮೂನೆ ಇದ್ದು. ತಿರುಗುವ ಜಾಗೆಲಿ ಬೇರಿಂಗು ಇದ್ದರೆ ಕೆಸರಿನ ಊರಿಲ್ಲಿ ಬಾಳಿಕೆ ಹೆಚ್ಚು.

ಇನ್ನು ಎಂಗಳ ಮನೆಯ ಚರ್ಚೆ. ಇವು ಸಾಫ್ಟ್‌ವೇರಿನವು, ಸರಿಗೆ ಇಲ್ಲದ್ದದು ಏವದಿದ್ದರೂ ಒಳ್ಳೆದು ಹೇಳಿ ಅವರ ನಂಬಿಕೆ. "ವೈರ್‌ಲೆಸ್ಸೇ ತೆಗವ, ಬರೇ ಸ್ವಿಚ್ಚು ಒತ್ತಿದ ಹಾಂಗೆ" ಹೇಳಿದವು. ಮಾತು ಸತ್ಯವೇ. ಬೆರಳ ಗಂಟು ನಿಜವಾಗಿ ಹಾಳಾದವಕ್ಕೆ, ವಾತದ ಬೇನೆ ಇಪ್ಪವಕ್ಕೆ ಅದರಷ್ಟು ಹಗುರ ಬೇರೆ ಇಲ್ಲೆ, ಅವಕ್ಕೆ ಅದು ಆಡಂಬರ ಅಲ್ಲ. ಆದರೆ ಲಿವರು ಮಾತ್ರ ತೆಗದರೆ ಸಾಲ, ಕಂಬವೇ ಅದರದ್ದಾಯೆಕ್ಕು. ರಿವರ್ಬ್ ಎಎಕ್ಸ್‌ಎಸ್ 2019ರಲ್ಲಿ ಬಪ್ಪಗ ಅದರ ಕ್ರಯ 800 ಡಾಲರು. ಕಂಬಲ್ಲಿ ಒಂದು ಬ್ಯಾಟರಿ ಚಾರ್ಜು ಮಾಡೆಕ್ಕು, ಲಿವರಿಲ್ಲಿ ಗಡಿಯಾರದ ಬಿಲ್ಲೆಯ ಹಾಂಗಿಪ್ಪ ಇನ್ನೊಂದು. ಮನೆಲಿ ಫೋನು, ಗಡಿಯಾರ, ಕೆಮಿ ಬುಗುಟಿ ಹೇಳಿ ಎಲ್ಲದಕ್ಕೂ ಚಾರ್ಜು ಮಾಡುವ ಜೆನ ಆರು ಹೇಳಿ ನಿಂಗೊಗೆ ಗೊಂತಿದ್ದು. ಇವಕ್ಕೆ ಅದರ ನೆಂಪು ಮಾಡಿದೆ. ಅಲ್ಲಿಗೆ ಮಾತು ಮುಗುದತ್ತು.

ದೊಡ್ಡಬ್ಬೆಯ ಪ್ರಶ್ನೆಗೆ ಉತ್ತರ ಹೇಳೆಕ್ಕು. ಆರು ಸಾವಿರ ಹೆಚ್ಚೇ, ಅಲ್ಲ ಹೇಳ್ತಿಲ್ಲೆ. ಆದರೆ ಅದೇ ಸೈಕಲಿಂಗೆ ಎದುರಾಣ ಸ್ಪ್ರಿಂಗು ಬದಲುಸಿರೆ ಅದರ ಹತ್ತು ಪಾಲು ಆವುತ್ತು, ಅಷ್ಟಪ್ಪಗ ಆರುದೆ ಎಂತಕೆ ಹೇಳಿ ಕೇಳ್ತವಿಲ್ಲೆ, "ಹೋ, ಒಳ್ಳೆ ಸ್ಪ್ರಿಂಗು" ಹೇಳ್ತವು. ಮಕ್ಕಳ ಕೈ ಬೆಳೆತ್ತನ್ನೆ, ಎರಡು ವರ್ಷ ತಡಕ್ಕೊಂಬಲಾಗದೋ ಹೇಳಿ ಅತ್ತಿಗೆ ಕೇಳಿತ್ತು. ಕೈ ಬೆಳೆಗು. ಆದರೆ ಆ ಎರಡು ವರ್ಷ ಅದು ಎತ್ತರದ ಸೀಟಿಲ್ಲೇ ಬೇರಿನ ಮೇಲಂದ ಇಳಿಗು, ಇಲ್ಲದ್ರೆ ಸೈಕಲು ಬಿಡುದನ್ನೇ ನಿಲ್ಲುಸುಗು, "ಎನಗೆ ಎಡಿಯ" ಹೇಳಿ ಮನಸ್ಸಿಲ್ಲಿ ಬರಕ್ಕೊಂಗು. ಎರಡನೆದಕ್ಕೆ ಎನಗೆ ಹೆದರಿಕೆ ಹೆಚ್ಚು. ಕೈ ಬೆಳದಪ್ಪಗ ಬಳೆ ಸಡಿಲ ಮಾಡಿ ಲಿವರಿನ ರಜ ಒಳ ಜಾರ್ಸಿರೆ ಆತು, ಹೊಸತ್ತು ಬೇಡ.

ಲಿವರು ಹಾಕಿ ಈಗ ಆರು ವಾರ ಆತು. ಸೀಟು ಇಳಿತ್ತು, ಏರ್ತು. ತಿರುಗಾಸಿಂದ ಮದಲೇ ಟಕ್ ಹೇಳುವ ಶಬ್ದ ಮರದ ಎಡೆಂದ ಕೇಳ್ತು. ಕಳುದ ಶನಿವಾರ ತಂಡದ ಇನ್ನೊಂದು ಕೂಸು, ಇದರಿಂದಲೂ ಸಣ್ಣ ಕೈದು, ಕೈ ಕೊಡಗಿ ಸೀಟು ತಗ್ಗುಸುಲೆ ಒದ್ದಾಡುದರ ಕಂಡು ಇದು ಹತ್ತರೆ ಹೋತು. "ನಿನ್ನ ಕೈಗೆ ಎಂತದೂ ಆಯಿದಿಲ್ಲೆ, ಲಿವರು ದೂರ ಇಪ್ಪದು" ಹೇಳಿ, ಚೀಲಂದ ಕೀಲಿ ತೆಗದು, ಬಳೆ ಸಡಿಲ ಮಾಡಿ ಜಾರ್ಸಿ ಕೊಟ್ಟತ್ತು. ಒಂದು ಪೈಸೆ ಖರ್ಚಿಲ್ಲೆ, ಎರಡು ನಿಮಿಷ.

ಬೆಂಗಳೂರಿನ ಅಕ್ಕ, ಮಗಳ ಸೈಕಲಿಂಗೂ ಇಂತಾದ್ದು ಹಾಕುಸುಲಕ್ಕೋ ಹೇಳಿ ಕೇಳಿದ್ದವು. ಅಕ್ಕು. ಆದರೆ ಲಿವರು ಮಾತ್ರ ತೆಗದು ಪ್ರಯೋಜನ ಇಲ್ಲೆ, ಏರಿಳಿವ ಸೀಟುಕಂಬವೇ ಅದರಲ್ಲಿ ಇದ್ದೋ ಹೇಳಿ ಮದಾಲು ನೋಡೆಕ್ಕು. ಎದುರು ಎಷ್ಟು ಹಲ್ಲುಚಕ್ರ ಇದ್ದು ಹೇಳಿಯೂ ನೋಡಿ. ಎರಡು-ಮೂರು ಇದ್ದರೆ ಎಡದ ಅಡಿಲಿ ಜಾಗೆ ಇರ. ಏವದಾದರೂ ಸರಿಗೆಯದ್ದನ್ನೇ ತೆಕ್ಕೊಳ್ಳಿ, ಗೇರಿನ ಸೈಕಲು ರಿಪೇರಿ ಮಾಡುವವು ಅದರ ಸರಿಗೆ ಬದಲುಸಿ ಕೊಡುಗು. ಹೇಂಡಲಿನ ಎಡದ ಹೊಡೆಣ ಒಂದು ಫೊಟೊ ಕಳುಸಿ ಅಕ್ಕಾ. ಬರೇ ಹೇಂಡಲಿಂದಲ್ಲ, ಮಗಳು ಅದರ ಹಿಡ್ಕೊಂಡು, ತೋರುಬೆರಳು ಬ್ರೇಕಿಲ್ಲಿ ಮಡಗಿ, ಹೆಬ್ಬೆರಳು ಸಡಿಲ ಬಿಟ್ಟದರ ತೆಗೆಯಿ.